ನಿನ್ನ ಅಬ್ಬಾ ಕಟ್ಟದ ಗಂಟು

ನಸೀಮಾ, ಆ ಧ್ವಜವನ್ನು ತಲೆಕೆಳಗಾಗಿ ಕಟ್ಟಿದವಳು ನಾನು. ನಿನ್ನ ಅಬ್ಬಾ ಅಲ್ಲ.

ಈ ಎರಡು ಸಾಲು ಬರೆಯಲು ನನಗೆ ಹನ್ನೊಂದು ವರ್ಷ ಹಿಡಿಯಿತು. ಹೇಳಿಬಿಟ್ಟರೆ ಎದೆ ಹಗುರಾಗುತ್ತದೆ ಅನ್ನುತ್ತಾರೆ ಜನ. ಸುಳ್ಳು. ಬರೆದು ಒಮ್ಮೆ ಓದಿಕೊಂಡೆ. ಎದ್ದು ಹೋಗಿ ಬಾಯಿ ಮುಕ್ಕಳಿಸಿ ಬಂದು ಮತ್ತೆ ಕೂತಿದ್ದೇನೆ.

ನಾನು ಪಾಟೀಲ ಟೀಚರ್. ಬೆಂಗೇರಿಯ ಸಾಲೆಯಲ್ಲಿ ಏಳನೆಯ ಇಯತ್ತೆಯಲ್ಲಿ ನಿನಗೆ ಕನ್ನಡ ಕಲಿಸಿದವಳು. ನಿನ್ನ ಅಬ್ಬಾ ದಾವಲ್ ಸರ್ ಅದೇ ಸಾಲೆಯ ಡ್ರಿಲ್ ಮಾಸ್ತರರಾಗಿದ್ದರು. ಆಗಸ್ಟ್ ಹದಿನೈದು, ಜನವರಿ ಇಪ್ಪತ್ತಾರು, ಎರಡೂ ದಿನ ಧ್ವಜ ಕಟ್ಟುವ ಕೆಲಸ ಅವರದು. ಹತ್ತೊಂಬತ್ತು ವರ್ಷ ಕಟ್ಟಿದರು, ಅವರ ಗಂಟು ಒಮ್ಮೆಯೂ ಕೈಕೊಟ್ಟಿರಲಿಲ್ಲ. ಧ್ವಜವನ್ನು ಮಡಚಿ, ಒಳಗೆ ಒಂದು ಹಿಡಿ ಒಣಗಿದ ಗುಲಾಬಿ ಎಸಳು ಇಟ್ಟು, ಗಂಟು ಹಾಕಿ ಕಂಬದ ತುದಿಗೆ ಏರಿಸಿಬಿಡುತ್ತಿದ್ದರು. ಅತಿಥಿಗಳು ಒಮ್ಮೆ ಜಗ್ಗಿದರೆ ಸಾಕು, ಬಿಚ್ಚಿಕೊಳ್ಳುತ್ತಿತ್ತು. ಹಸಿ ಹೂವು ಮಾತ್ರ ಹಾಕುತ್ತಿರಲಿಲ್ಲ. ಖಾದಿಗೆ ಕಲೆ ಹಿಡಿಯುತ್ತದೆ ಎನ್ನುತ್ತಿದ್ದರು.

ಆ ಒಂದು ಹಿಡಿ ಎಸಳೇ ನನ್ನ ಕಣ್ಣಿಗೆ ಚುಚ್ಚುತ್ತಿತ್ತು. ಹಿಂದಿನ ಜನವರಿಯಲ್ಲಿ ನಾಲ್ಕೇ ನಾಲ್ಕು ಎಸಳು ಉದುರಿದಾಗ ಅತಿಥಿಗಳೊಬ್ಬರು ಹೂವಿಗೂ ಬರ ಬಂದಿದೆಯೇನು ಎಂದು ನಗೆಯಾಡಿದ್ದರು. ನಿರೂಪಣೆ ನನ್ನದು, ಅಂದಮೇಲೆ ಅವಮಾನವೂ ನನ್ನದೇ ಎಂದುಕೊಂಡೆ. ಆ ಆಗಸ್ಟ್ ಹದಿನೈದಕ್ಕೆ ಆಡಳಿತ ಮಂಡಳಿಯ ಅಧ್ಯಕ್ಷರೇ ಬರುವವರಿದ್ದರು. ಹೆಡ್ ಮಾಸ್ತರರು ಮುಂದಿನ ಮಾರ್ಚಿಗೆ ನಿವೃತ್ತಿ, ಆ ಕುರ್ಚಿ ಯಾರಿಗೆ ಎನ್ನುವ ಮಾತು ಸ್ಟಾಫ್ ರೂಮಿನಲ್ಲಿ ದಿನಾ ಏಳುತ್ತಿತ್ತು. ನಾನು ಹೊಸ ಇಳಕಲ್ ಸೀರೆ ತೆಗೆದಿಟ್ಟೆ. ಮಾರ್ಕೆಟ್ಟಿನಿಂದ ಎರಡು ಚೀಲ ಚೆಂಡುಹೂವು ತರಿಸಿದೆ. ಅಧ್ಯಕ್ಷರ ತಲೆಯ ಮೇಲೆ ಹೂವು ಸುರಿಯಬೇಕು, ಪಕ್ಕದಲ್ಲಿ ಮೈಕು ಹಿಡಿದು ನಾನು ನಿಂತಿರಬೇಕು, ಅದೆಲ್ಲ ವಿಡಿಯೊದಲ್ಲಿ ಬರಬೇಕು— ಇಷ್ಟು ಸಣ್ಣ ಆಸೆ. ಇಷ್ಟು ಸಣ್ಣ ಆಸೆಗೆ ಇಷ್ಟು ದೊಡ್ಡ ಹೊಲಸು.

ಆವತ್ತು ನಸುಕಿನಲ್ಲೇ ಬಂದು ನಿನ್ನ ಅಬ್ಬಾ ಧ್ವಜ ಕಟ್ಟಿ ಏರಿಸಿದ್ದರು. ಆಮೇಲೆ ಇಡೀ ಸಾಲೆಯನ್ನು ಪ್ರಭಾತ ಫೇರಿಗೆ ಕರೆದುಕೊಂಡು ಓಣಿ ಓಣಿ ಸುತ್ತಲು ಹೊರಟರು. ಮೊದಲ ಸಾಲಿನಲ್ಲಿ ನೀನಿದ್ದೆ. ನಿನ್ನ ಘೋಷಣೆ ಗೇಟು ದಾಟಿ ಬಹಳ ದೂರದವರೆಗೆ ಕೇಳಿಸುತ್ತಿತ್ತು. ಮೈಕಿನ ನೆಪ ಹೇಳಿ ನಾನು ಸಾಲೆಯಲ್ಲೇ ಉಳಿದೆ. ಮೈದಾನದಲ್ಲಿ ಇನ್ನೊಂದು ನರಪಿಳ್ಳೆಯೂ ಇರಲಿಲ್ಲ.

ಹಗ್ಗ ಸಡಿಲಿಸಿ ಧ್ವಜ ಇಳಿಸಿದೆ. ಹಗ್ಗದಿಂದ ಬಿಡಿಸಿ ವರಾಂಡದ ಮೇಜಿನ ಮೇಲೆ ಹರವಿದೆ. ಗುಲಾಬಿ ಎಸಳನ್ನು ಕಿಟಕಿಯ ಆಚೆ ಚೆಲ್ಲಿದೆ. ಚೆಂಡುಹೂವು ಬಿಡಿಸಿ ಬಿಡಿಸಿ ತುಂಬಿದೆ, ಹಿಡಿಸುವಷ್ಟು. ಮಡಚಿದಾಗ ಹೊಟ್ಟೆ ಉಬ್ಬಿದ ಗಂಟಾಗಿತ್ತು. ಮತ್ತೆ ಹಗ್ಗಕ್ಕೆ ಕಟ್ಟಿ ಏರಿಸಿದೆ. ಎಲ್ಲ ಸೇರಿ ಹತ್ತು ನಿಮಿಷವೂ ಹಿಡಿಯಲಿಲ್ಲ.

ಧ್ವಜದ ಕೇಸರಿ ಬದಿಯ ಹಗ್ಗದ ತುದಿಗೆ ಬೆರಳುದ್ದದ ಕಟ್ಟಿಗೆಯ ತುಂಡು ಇರುತ್ತದೆ. ಅದು ಯಾವಾಗಲೂ ಮೇಲೆ ಬರಬೇಕು. ಇದನ್ನು ನಿನ್ನ ಅಬ್ಬಾ ಐದನೆಯ ಇಯತ್ತೆಯ ಮಕ್ಕಳಿಗೂ ಬಾಯಿಪಾಠ ಮಾಡಿಸಿದ್ದರು. ನನಗೂ ಗೊತ್ತಿತ್ತು. ಆದರೆ ನಾನು ನೋಡಲಿಲ್ಲ. ಬೆರಳಿಗೆ ಆ ತುಂಡು ತಾಗಿದ ನೆನಪು ಕೂಡ ಇದೆ— ಮೇಲೋ ಕೆಳಗೋ ಎಂದು ವಿಚಾರ ಮಾಡಲಿಲ್ಲ. ನನ್ನ ತಲೆಯ ತುಂಬ ಹೂವೇ ಇತ್ತು.

ಎಂಟು ಗಂಟೆಗೆ ಅಧ್ಯಕ್ಷರು ಹಗ್ಗ ಜಗ್ಗಿದರು. ಹೂವು ಸುರಿಯಿತು, ನಾನು ಬಯಸಿದ ಹಾಗೆಯೇ. ಅವರ ಟೊಪ್ಪಿಗೆಯ ಮೇಲೆ, ಭುಜದ ಮೇಲೆ, ಮುಂದಿನ ಕುರ್ಚಿಗಳ ಮೇಲೆ. ಚಪ್ಪಾಳೆ ಬಿತ್ತು. ಬೀಳುತ್ತಿದ್ದ ಹೂವನ್ನೇ ನೋಡುತ್ತ ಈಗ ರಾಷ್ಟ್ರಗೀತೆ ಎಂದು ನಾನು ಮೈಕಿನಲ್ಲಿ ಹೇಳಿಬಿಟ್ಟೆ. ಮಕ್ಕಳು ಶುರು ಮಾಡಿದರು. ಆಮೇಲೆ ತಲೆ ಎತ್ತಿದೆ. ಹಸಿರು ಮೇಲಿತ್ತು.

ಐವತ್ತೆರಡು ಸೆಕೆಂಡು. ನಿನ್ನ ಅಬ್ಬಾ ಕಂಬದ ಬುಡದಲ್ಲಿ ಸಲ್ಯೂಟ್ ಹೊಡೆದು ನಿಂತಿದ್ದರು. ಅವರೂ ನೋಡಿದ್ದರು. ಆದರೆ ರಾಷ್ಟ್ರಗೀತೆ ನಡೆಯುವಾಗ ಅಲುಗಾಡಬಾರದು ಎಂದು ನಿಮಗೆಲ್ಲ ಕಲಿಸಿದವರು ಅವರು, ಅಲುಗಾಡಲಿಲ್ಲ. ಕೊನೆಯ ಜಯ ಹೇ ಮುಗಿದ ಕೂಡಲೇ ಓಡಿ ಹಗ್ಗ ಹಿಡಿದರು, ಇಳಿಸಿದರು, ತಿರುಗಿಸಿ ಕಟ್ಟಿ ಏರಿಸಿದರು. ಖಾದಿಯ ತುಂಬ ಹಳದಿ ಕಲೆ ಎದ್ದಿತ್ತು.

ಬೇರೆ ಊರಿನಲ್ಲಾದರೆ ತಪ್ಪಾಯಿತು ಎಂದು ಬಿಟ್ಟಾರು. ಬೆಂಗೇರಿಯಲ್ಲಿ ಧ್ವಜ ಹೊಲಿದೇ ಸಂಸಾರ ಸಾಗಿಸುವ ಹೆಣ್ಣುಮಕ್ಕಳಿದ್ದಾರೆ. ಕೇಸರಿ ಎಲ್ಲಿ, ಹಸಿರು ಎಲ್ಲಿ ಎಂದು ಅಲ್ಲಿಯ ಕೂಸಿಗೂ ಗೊತ್ತು. ಹಾಗಾಗಿ ಇದು ತಪ್ಪಲ್ಲ, ಬೇಕೆಂದೇ ಮಾಡಿದ್ದು ಎಂಬ ಮಾತು ಹುಟ್ಟಿಕೊಂಡಿತು. ವಿಡಿಯೊ ಆಗಲೇ ಫೋನಿನಿಂದ ಫೋನಿಗೆ ಹಾರುತ್ತಿತ್ತು. ಕಟ್ಟಿದವರು ಯಾರು ಎಂದು ಕೇಳಿದರು, ದಾವಲಸಾಬ ಎಂದು ಹೆಸರು ಕೇಳಿದರು, ಅಲ್ಲಿಗೆ ಮುಗಿಯಿತು. ನೋಡಿಯೂ ಅಷ್ಟು ಹೊತ್ತು ಸಲ್ಯೂಟ್ ಹೊಡೆಯುತ್ತ ನಿಂತಿದ್ದನಲ್ಲ ಎಂದರು. ಆ ಮನುಷ್ಯನ ಶಿಸ್ತನ್ನೂ ಅವರ ಮೇಲೆಯೇ ಹೊರಿಸಿದರು.

ಹೆಡ್ ಮಾಸ್ತರರ ಖೋಲಿಯಲ್ಲಿ ಅಧ್ಯಕ್ಷರು ಕೂತಿದ್ದರು. ನಿನ್ನ ಅಬ್ಬಾ ಮೂಲೆಯಲ್ಲಿ ನಿಂತಿದ್ದರು. ಹೆಡ್ ಮಾಸ್ತರರು ಅವರನ್ನು ಬಿಟ್ಟು ನನ್ನನ್ನು ಕೇಳಿದರು.

"ಟೀಚರ್, ಫೇರಿ ಹೋದಾಗ ನೀವು ಇಲ್ಲೇ ಇದ್ರೆಲ್ಲ. ಬ್ಯಾರೆ ಯಾರರ ಧ್ವಜ ಮುಟ್ಟಿದ್ರೇನು?"

ಬಾಯಿ ತೆರೆದೆ. ನಾನೇ ಮುಟ್ಟಿದೆ ಅನ್ನುವುದಕ್ಕೇ ತೆರೆದೆನೋ ಏನೋ— ಇಲ್ಲ, ಈಗಲೂ ಅದೇ ಚಾಳಿ. ಹಾಗೇನೂ ಇರಲಿಲ್ಲ. ನಾನು ಹೇಳಿದ್ದು ಇದು.

"ಇಲ್ರಿ ಸರ್, ಯಾರೂ ಮುಟ್ಟಿಲ್ಲ. ದಾವಲ್ ಸರ್ ಇವತ್ತ ಭಾಳ ಲಗೂ ಬಂದಿದ್ರು. ಕಟ್ಟುವಾಗ ಒಬ್ಬರ ಇದ್ರು."

ಮೊದಲಿನದು ಅಂಜಿ ಹೇಳಿದ ಸುಳ್ಳು. ಮುಂದಿನವೆರಡೂ ಖರೇ ಮಾತು, ನಸೀಮಾ, ಹೊಲಸು ಇರುವುದು ಅಲ್ಲಿಯೇ. ಹತ್ತೊಂಬತ್ತು ವರ್ಷ ಆ ಮನುಷ್ಯ ಲಗೂನೇ ಬರುತ್ತಿದ್ದರು, ಒಬ್ಬರೇ ಕಟ್ಟುತ್ತಿದ್ದರು. ಅದನ್ನೇ ಕಳ್ಳತನದಂತೆ ಕೇಳಿಸುವ ಹಾಗೆ ಹೇಳಿದೆ. ಅಧ್ಯಕ್ಷರು ಹೆಡ್ ಮಾಸ್ತರರ ಮುಖ ನೋಡಿದರು. ಕೆಲಸವಾಯಿತು ಎಂದು ನನಗೆ ತಿಳಿಯಿತು. ಥೂ.

ನಿನ್ನ ಅಬ್ಬಾ ಆಗ ಮುಷ್ಟಿ ಬಿಚ್ಚಿದರು. ಅಂಗೈಯಲ್ಲಿ ಎರಡು ಚೆಂಡುಹೂವಿನ ಎಸಳಿದ್ದವು. ಅದನ್ನು ನೋಡಿದರು, ಆಮೇಲೆ ನನ್ನ ಕೈ ನೋಡಿದರು. ನನ್ನ ಹತ್ತೂ ಬೆರಳು ಹಳದಿಯಾಗಿದ್ದವು. ಸೆರಗು ಹೊದ್ದುಕೊಳ್ಳುವವಳಂತೆ ಕೈ ಒಳಗೆ ಎಳೆದುಕೊಂಡೆ. ಅವರು ಹೆಡ್ ಮಾಸ್ತರರ ಕಡೆ ತಿರುಗಿದರು. ನಾನೇ ಕಟ್ಟಿದ್ದೇನೆ ಸರ್ ಎಂದಷ್ಟೇ ಹೇಳಿದರು. ಅವರು ಕಟ್ಟಿದ್ದೂ ಖರೇ ಇತ್ತಲ್ಲ.

ಇಷ್ಟಕ್ಕೇ ನಿಂತಿದ್ದರೆ— ನಿಲ್ಲಲಿಲ್ಲ. ತಪ್ಪೊಪ್ಪಿಗೆ ಪತ್ರ ಬೇಕು, ಮರುದಿನ ಪ್ರಾರ್ಥನೆಯಲ್ಲಿ ಎಲ್ಲರ ಮುಂದೆ ಓದಬೇಕು ಎಂದು ಅಧ್ಯಕ್ಷರು ಹೇಳಿ ಹೋದರು. ನಿಮ್ಮ ಕನ್ನಡ ಛಲೋ ಐತಿ, ನೀವೇ ಬರೆದುಕೊಡಿ ಎಂದು ಹೆಡ್ ಮಾಸ್ತರರು ಕಾಗದ ನನ್ನ ಮುಂದಿಟ್ಟರು. ಬರೆದೆ. ಹಳದಿ ಬೆರಳಿನಿಂದಲೇ ಬರೆದೆ. ನನ್ನ ಅಕ್ಷಮ್ಯ ಅಜಾಗರೂಕತೆಯಿಂದ ರಾಷ್ಟ್ರಧ್ವಜಕ್ಕೆ ಅಪಮಾನವಾಗಿದೆ ಎಂದು ನಿನ್ನ ಅಬ್ಬಾನ ಹೆಸರಿನಲ್ಲಿ ಬರೆದವಳು ನಾನು. ಅಜಾಗರೂಕತೆ ಎಂದು ಬರೆದು ಸಾಲದೆನಿಸಿ ಅಕ್ಷಮ್ಯ ಎಂದು ಸೇರಿಸಿದವಳೂ ನಾನೇ. ಬರೆಯುವಾಗ ಅಕ್ಷರ ದುಂಡಗೆ ಬರಲಿ ಎಂದು ಎಚ್ಚರ ವಹಿಸಿದ್ದೆ. ಇದಕ್ಕಿಂತ ಹೇಸಿಗೆಯ ಸಂಗತಿ ನನ್ನ ಬಾಳಿನಲ್ಲಿ ಮತ್ತೊಂದಿಲ್ಲ.

ಮರುದಿನ ಅವರು ಅದನ್ನು ಓದಿದರು. ನೀನು ಏಳನೆಯ ಇಯತ್ತೆಯ ಸಾಲಿನಲ್ಲಿ ನಿಂತಿದ್ದೆ. ನಾನು ನಿನ್ನನ್ನು ನೋಡಬಾರದೆಂದು ನೆಲ ನೋಡುತ್ತ ನಿಂತೆ. ನಿನ್ನ ಬಿಳಿ ಬೂಟು ಮಾತ್ರ ಕಂಡಿತು. ಆ ವಾರವೇ ಅವರನ್ನು ರಾಯಾಪುರದ ಕಡೆಯ, ಮಂಡಳಿಯದೇ ಇನ್ನೊಂದು ಸಾಲೆಗೆ ಕಳಿಸಿದರು, ಅಲ್ಲಿ ಸ್ಟೋರ್ ರೂಮಿನ ಕೆಲಸ. ಮಕ್ಕಳು ನಿನ್ನನ್ನು ಹಸಿರು ಸರ್ ಮಗಳು ಎಂದು ಕರೆಯತೊಡಗಿದರು. ಒಂದು ದಿನ ನನ್ನ ತರಗತಿಯಲ್ಲೇ ಕರೆದರು. ನಾನು ಕೇಳಿಸದವಳಂತೆ ಬೋರ್ಡಿನ ಮೇಲೆ ಬರೆಯುತ್ತಿದ್ದೆ. ದೀಪಾವಳಿ ಸೂಟಿಯ ನಂತರ ನೀನು ಆ ಸಾಲೆಗೆ ಬರಲಿಲ್ಲ.

ಏಪ್ರಿಲ್‌ನಲ್ಲಿ ನಾನು ಹೆಡ್ ಮಿಸ್ಟ್ರೆಸ್ ಆದೆ. ಆಮೇಲೆ ಹತ್ತು ವರ್ಷ ಆ ಹಗ್ಗದ ಪಕ್ಕ ನಿಂತು ದೇಶಪ್ರೇಮದ ಭಾಷಣ ಮಾಡಿದೆ. ಬಾಯಿ ತುಂಬ ಮಾಡಿದೆ. ಚಪ್ಪಾಳೆಯೂ ಬಿತ್ತು.

ನನ್ನ ಮನಸ್ಸಿನಲ್ಲಿ ಭೇದಭಾವ ಇಲ್ಲ ಎಂದು ಮೆರೆದವಳು ನಾನು. ರಂಜಾನ್ ಹಬ್ಬಕ್ಕೆ ನಿಮ್ಮ ಮನೆಗೆ ಬಂದು ಎರಡೆರಡು ಬಟ್ಟಲು ಶಾವಿಗೆಯ ಸುರಕುಂಬಾ ಕುಡಿದವಳು, ನಿನ್ನ ಅಮ್ಮನ ಕೈರುಚಿ ಹೊಗಳಿದವಳು. ಆದರೆ ಆ ಖೋಲಿಯಲ್ಲಿ ಒಂದು ಲೆಕ್ಕ ನನಗೆ ಸ್ಪಷ್ಟ ಗೊತ್ತಿತ್ತು. ನಾನು ಕಟ್ಟಿದೆ ಎಂದಿದ್ದರೆ ಅದು ಪಾಟೀಲ ಟೀಚರರ ಗಡಿಬಿಡಿ ಆಗುತ್ತಿತ್ತು, ಅಧ್ಯಕ್ಷರು ಬೈದು, ಚಹಾ ಕುಡಿದು ಹೋಗುತ್ತಿದ್ದರು. ಕುರ್ಚಿ ತಪ್ಪುತ್ತಿತ್ತು, ಅಷ್ಟೇ. ಅವರು ಕಟ್ಟಿದರು ಎಂದರೆ ಅದು ದ್ರೋಹ ಆಗುತ್ತದೆ ಎಂದು ಗೊತ್ತಿದ್ದೇ ಅವರ ಕೊರಳಿಗೆ ಕಟ್ಟಿದೆ. ಗೊತ್ತಿರಲಿಲ್ಲ ಎಂದು ನಾನು ಯಾವ ದೇವರ ಮುಂದೆಯೂ ಹೇಳಲಾರೆ.

ಹೋದ ತಿಂಗಳು ನಿಮ್ಮ ಮನೆಗೆ ಹೋಗಿದ್ದೆ. ನನಗೂ ನಿವೃತ್ತಿಯಾಗಿದೆ, ಇನ್ನು ಕಳೆದುಕೊಳ್ಳುವಂಥದ್ದೇನೂ ಇಲ್ಲ— ನೋಡು, ಧೈರ್ಯ ಬಂದದ್ದೂ ಎಲ್ಲ ತಿಂದು ಮುಗಿಸಿದ ಮೇಲೆ. ನಿನ್ನ ಅಬ್ಬಾ ಕುರ್ಚಿ ಹಾಕಿದರು, ನೀರು ಕೊಟ್ಟರು. ನಾನು ಹೇಳಿದ್ದನ್ನು ಪೂರ್ತಿ ಕೇಳಿದರು. ಅವರ ಮುಖದಲ್ಲಿ ಸಿಟ್ಟು ಹುಡುಕಿದೆ, ಸಿಟ್ಟಾದರೂ ಸಿಕ್ಕರೆ ಬದುಕಿಕೊಂಡೇನು ಎಂದು.

"ನನಗ್ಯಾಕ ಹೇಳಾಕತ್ತೀರಿ ಟೀಚರ್? ನನಗ ಅವತ್ತ ಗೊತ್ತಿತ್ತು," ಎಂದರು. "ನೀವಾಗಿ ಹೇಳ್ತೀರಿ ಅಂತ ಸಂಜೀತನಕ ಕಾದ್ನಿ. ನಾ ನಿಮ್ಮ ಹೆಸರ ಹೇಳಿದ್ರ ಯಾರ ನಂಬ್ತಿದ್ರು?"

ಅವರೇ ಮುಂದುವರಿಸಿದರು. ಮನೆಯಲ್ಲಿ ನಿನಗೂ ಒಮ್ಮೆ ಹೇಳಿದ್ದರಂತೆ, ನಾನು ಸರಿಯಾಗೇ ಕಟ್ಟಿದ್ದೆ ಬೇಟಿ ಎಂದು. ಮತ್ತೆ ಮೈಕಿನಲ್ಲಿ ಯಾಕೆ ಹಾಗೆ ಓದಿದಿರಿ ಅಬ್ಬಾ ಎಂದು ನೀನು ಕೇಳಿದೆಯಂತೆ. ನನ್ನ ಹೆಸರು ಮಾತ್ರ ನಿನಗೂ ಹೇಳಲಿಲ್ಲವಂತೆ.

"ಈಗ ಧಾರವಾಡದಾಗ ಬಿ.ಎಡ್. ಓದಾಕತ್ತಾಳ. ಹೋದ ಈದ್‌ಗೆ ಬಂದಾಗ ನನ್ನ ಕೈ ಹಿಡಕೊಂಡು, ಅಬ್ಬಾ, ಅದನ್ನ ಬಿಟ್ಟಬಿಡ್ರಿ, ನಾ ನಿಮ್ಮನ್ನ ಯಾವಾಗೋ ಮಾಫ್ ಮಾಡೇನಿ ಅಂದ್ಲು. ಮಾಡದ ತಪ್ಪಿಗೆ ನನ್ನ ಮಗಳು ನನಗ ಮಾಫಿ ಕೊಟ್ಟಾಳ್ರಿ ಟೀಚರ್. ಹೇಳೂದಿದ್ರ ಅಕಿಗೆ ಹೇಳ್ರಿ."

ಅದಕ್ಕೇ ಈ ಪತ್ರ. ನಿನ್ನ ಅಬ್ಬಾನ ಹೆಸರಿನಲ್ಲಿ ನಾನು ಒಂದು ತಪ್ಪೊಪ್ಪಿಗೆ ಬರೆದಿದ್ದೆ. ಇದನ್ನು ನನ್ನ ಹೆಸರಿನಲ್ಲಿ ಬರೆದಿದ್ದೇನೆ. ಕೆಳಗೆ ಸಹಿ ಇದೆ. ಯಾರಿಗೆ ಬೇಕಾದರೂ ತೋರಿಸು.

ಈ ಜನವರಿ ಇಪ್ಪತ್ತಾರಕ್ಕೆ ಧ್ವಜಾರೋಹಣ ಮಾಡಲು ಸಾಲೆಯವರು ನನ್ನನ್ನೇ ಅತಿಥಿಯಾಗಿ ಕರೆದಿದ್ದಾರೆ. ಹೋಗುತ್ತೇನೆ. ಹಗ್ಗ ಮುಟ್ಟುವುದಿಲ್ಲ. ನಿನ್ನ ಅಬ್ಬಾ ನಿಂತು ಓದಿದ ಜಾಗದಲ್ಲೇ ನಿಂತು, ಮೈಕಿನಲ್ಲಿ, ಈ ಪತ್ರದ ಮೊದಲ ಎರಡು ಸಾಲು ಓದುತ್ತೇನೆ. ಆಮೇಲೆ ಸಾಲೆಯವರು ನನ್ನನ್ನು ಏನು ಮಾಡಬೇಕೋ ಮಾಡಲಿ. ನೀನು ಬರಬೇಕೆಂದು ಕೇಳುವ ಮುಖ ನನಗಿಲ್ಲ.

ಆದರೆ ಇದನ್ನು ಓದಿ ಮುಗಿಸಿದ ಕೂಡಲೇ ಅಬ್ಬಾಗೆ ಫೋನ್ ಮಾಡು. ಅವರಿಗೆ ಕೊಟ್ಟ ಮಾಫಿಯನ್ನು ವಾಪಸು ತೆಗೆದುಕೋ, ನಸೀಮಾ. ನನಗೆ ಕೊಡಬೇಡ.