ತಂಗಿಗೆ ಸಿಕ್ಕ ಹೆಸರು

ಇಸ್ತ್ರಿ ಅಂಗಡಿಯ ಕೆಂಡಕ್ಕನಿಗೆ ತಂಗಿಯ ಬಣ್ಣದ ಮೇಲೆ, ಉದ್ದ ಕೂದಲಿನ ಮೇಲೆ ಎಂದೂ ಹೊಟ್ಟೆಕಿಚ್ಚು ಹುಟ್ಟಿರಲಿಲ್ಲ. ಹುಟ್ಟಿದ್ದು ತಂಗಿಯ ಕಾಯಿಲೆಯ ಮೇಲೆ.

ಇಬ್ಬರೂ ಅಕ್ಕಪಕ್ಕದ ಮೇಜಿಗೆ ನಿಂತು ಬೀದಿಯವರ ಬಟ್ಟೆಯ ಸುಕ್ಕು ಬಿಡಿಸುವವರು. ಇಬ್ಬರ ಬಾಯಿಯೂ ಜೋರು. ಆದರೆ ತಂಗಿಯದು ಬಾಯಿಗೆ ನಿಲ್ಲುತ್ತಿರಲಿಲ್ಲ. ಬೆಳಿಗ್ಗೆ ತಬ್ಬಿಕೊಂಡವರನ್ನು ಮಧ್ಯಾಹ್ನ ಶತ್ರು ಅನ್ನುವಳು. ಗೆಳತಿ ಒಂದು ದಿನ ಮಾತಾಡದಿದ್ದರೆ ತನ್ನನ್ನು ಬಿಟ್ಟೇ ಹೋದಳೆಂದು ಗೋಡೆಗೆ ತಲೆ ಚಚ್ಚಿಕೊಳ್ಳುವಳು. ಚಿಕ್ಕ ಪ್ರಾಯದಿಂದಲೂ ಹೀಗೇ. ಕೊನೆಗೆ ಆಸ್ಪತ್ರೆಯ ಡಾಕ್ಟರಮ್ಮ ಇದನ್ನು ಪರ್ಸನಾಲಿಟಿ ಡಿಸಾರ್ಡರ್ ಅನ್ನುತ್ತಾರೆ ಎಂದರು. ಅಂದಿನಿಂದ ಅಮ್ಮನ ನಾಲಿಗೆಗೆ ಬೆಣ್ಣೆ ಸವರಿದಂತಾಯಿತು, ತಂಗಿಯ ಪಾಲಿಗೆ ಮಾತ್ರ.

"ಅವಳು ಲೋಟ ಎಸೆದ್ರೆ ಪಾಪ, ಕಾಯಿಲೆ. ನಾನು ಎಸೆದ್ರೆ ಕೊಬ್ಬು" ಎಂದು ಕೆಂಡಕ್ಕ ಗೊಣಗಿದಳು.

"ನಿಂದು ಕೊಬ್ಬೇ ಕಣೇ" ಎಂದಳು ಅಮ್ಮ.

ಕೆಂಡಕ್ಕನಿಗೆ ಮೈಯೆಲ್ಲ ಉರಿಯಿತು. ಮುಂದಿನ ಸಲ ತಂಗಿಯ ಜೊತೆ ತಾನೂ ಆಸ್ಪತ್ರೆಗೆ ಹೋಗಿ ಡಾಕ್ಟರಮ್ಮನ ಮುಂದೆ ಕುಳಿತಳು.

"ನನಗೂ ಸಿಟ್ಟು ಬರುತ್ತೆ ಮೇಡಂ. ನನಗೂ ಅದೇ ಇರ್ಬೇಕು, ಸರಿಯಾಗಿ ನೋಡಿ."

ಡಾಕ್ಟರಮ್ಮ ತುಂಬ ಹೊತ್ತು ವಿಚಾರಿಸಿದರು. "ಸಿಟ್ಟು ಎಲ್ಲರಿಗೂ ಬರುತ್ತಮ್ಮ. ನಿಮ್ಮ ತಂಗಿಗಿರೋದು ಮನೇಲಿ, ಕೆಲಸದಲ್ಲಿ, ಸ್ನೇಹದಲ್ಲಿ ವರ್ಷಗಟ್ಟಲೆ ಅದೇ ಜಾಡು ಹಿಡಿದು ಬದುಕನ್ನೇ ಕೆಡಿಸೋದು. ಆ ಹೆಸರು ಬೈಗುಳ ಅಲ್ಲ, ಮಾಡಿದ್ದಕ್ಕೆಲ್ಲಾ ಮಾಫೀನೂ ಅಲ್ಲ. ಕೂತು ಮಾತಾಡಿ ನಿಧಾನಕ್ಕೆ ಹದಕ್ಕೆ ತರ್ಬೇಕು. ನಿಮಗೆ ಅದಿಲ್ಲ" ಎಂದರು.

"ಮತ್ತೆ ನನಗೇನಿದೆ?"

"ಹೊಟ್ಟೆಕಿಚ್ಚು" ಎಂದಳು ಪಕ್ಕದಲ್ಲಿದ್ದ ತಂಗಿ.

ಬೈಗುಳ ಅಲ್ಲ ಎಂದದ್ದನ್ನು ಕೆಂಡಕ್ಕ ಅಂಗಡಿಗೆ ತಂದು ಬೈಗುಳ ಮಾಡಿಕೊಂಡಳು. ಗಿರಾಕಿಗಳ ಮುಂದೆ ತಂಗಿಯತ್ತ ಕಣ್ಣು ಹಾಯಿಸಿ, "ಡಿಸಾರ್ಡರ್ ಕೇಸು. ಅವಳ ಮಾತು ತಲೆಗೆ ಹಚ್ಕೋಬೇಡಿ" ಎನ್ನುವಳು. ಬೀದಿಗೊಂದು ಹೊಸ ಪದ ಸಿಕ್ಕಿತು. ಎದುರು ಮಾತಾಡಿದ ಸೊಸೆಗೂ, ಹಾರ್ನ್ ಹೊಡೆದ ಡ್ರೈವರಿಗೂ ಅದನ್ನೇ ಅಂಟಿಸತೊಡಗಿದರು.

ಒಂದು ಮಧ್ಯಾಹ್ನ ಅದೇ ಬೀದಿಯ ಮೇಷ್ಟ್ರು ತಮ್ಮ ಬಿಳಿ ಶರ್ಟು ಹಿಡಿದು ಬಂದರು. ಬೆನ್ನ ಮೇಲೆ ಇಸ್ತ್ರಿಪೆಟ್ಟಿಗೆಯ ಕಂದು ಅಚ್ಚು. ಅದು ಕೆಂಡಕ್ಕನ ಕೈಕೆಲಸ. ಫೋನಿನಲ್ಲಿ ಹರಟುತ್ತ ಪೆಟ್ಟಿಗೆ ಎತ್ತುವುದನ್ನು ಮರೆತು, ಸುಟ್ಟ ಜಾಗ ಒಳಗಾಗುವಂತೆ ಮಡಚಿ ಕೊಟ್ಟಿದ್ದಳು. ತಂಗಿ ನೋಡಿದ್ದಳು.

"ಇದು ನಾನಲ್ಲ ಮೇಷ್ಟ್ರೇ" ಎಂದಳು ತಂಗಿ, ದನಿ ಏರಿಸದೆ.

"ಆಯ್ತಮ್ಮ, ಆಯ್ತು. ನಿನಗೆ ಹುಷಾರಿಲ್ಲ ಅಂತ ಗೊತ್ತು. ಹೋಗ್ಲಿ ಬಿಡು." ಮೇಷ್ಟ್ರು ಮಗುವನ್ನು ರಮಿಸುವಂತೆ ಹೇಳಿದರು.

"ನಾನು ಸುಟ್ಟಿಲ್ಲ."

"ಮಾತ್ರೆ ತಗೊಂಡ್ಯಾ ಪುಟ್ಟಿ?" ಎಂದು ಅಮ್ಮ ಒಳಗಿನಿಂದ ನೀರಿನ ಲೋಟ ತಂದಳು.

ತಂಗಿ ಅಕ್ಕನ ಮುಖ ನೋಡಿದಳು. ಕೆಂಡಕ್ಕ ಬಾಯಿ ಮುಚ್ಚಿಕೊಂಡಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ತಾನು ಸುಟ್ಟ ಶರ್ಟಿಗೂ ಪಾಪ ಅನ್ನಿಸಿಕೊಳ್ಳುವ ಭಾಗ್ಯ ತಂಗಿಯದೇ ಎಂಬುದನ್ನು ತಡೆದುಕೊಳ್ಳಲಾಗಲಿಲ್ಲ.

"ಸುಟ್ಟಿದ್ದು ನಾನು. ಅವಳು ಹೇಳ್ತಿರೋದು ನಿಜ."

ಮೇಷ್ಟ್ರು ಶರ್ಟನ್ನು ಮೇಜಿಗೆ ಒಗೆದು ಕೂಗಾಡಿದರು. ಕೆಂಡಕ್ಕ ಸಮಕ್ಕೆ ಸಮ ಕೂಗಿದಳು. ಹೊಸ ಶರ್ಟು ಕೊಡಿಸುವುದೆಂದಾಗಿ ಅವರು ಹೊರಟ ಮೇಲೆ, ತಂಗಿ ಲೋಟ ಮುಟ್ಟದೆ ಹೇಳಿದಳು:

"ಎಷ್ಟು ಚೆನ್ನಾಗಿ ಜಗಳ ಆಡಿದ್ರು ನಿನ್ನ ಜೊತೆ. ನನ್ನ ಜೊತೆ ಈಗ ಯಾರೂ ಆಡಲ್ಲ."

ಆ ದನಿಯಲ್ಲಿ ಇದ್ದದ್ದು ಏನೆಂದು ಕೆಂಡಕ್ಕನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಲೋಟ ಎತ್ತಿ ನೀರೆಲ್ಲ ತಾನೇ ಕುಡಿದಳು.

"ಬಾ, ನಾನಾಡ್ತೀನಿ. ಆ ಮೂಲೆ ರಾಶಿ ಯಾಕೆ ಹಾಗೇ ಬಿದ್ದಿದೆ, ಮೈಗಳ್ಳಿ?"

"ನಿಂದು ಮೊದ್ಲು ಮುಗಿಸು, ಶರ್ಟು ಸುಡೋಳೇ" ಎಂದಳು ತಂಗಿ.