ಮೂರು ಅಂಕಣ, ಮೂರು ಫೂಟು

ಅವರ ಬಲಗಿವಿಯ ಮೇಲಂಚು ಹೊರಕ್ಕೆ ಮಡಚಿಕೊಂಡಿತ್ತು. ಮೂವತ್ತು ವರ್ಷ ಪೆನ್ಸಿಲ್ ಸಿಕ್ಕಿಸಿ ಸಿಕ್ಕಿಸಿ ಹಾಗಾಗಿತ್ತಂತೆ. ಊಟಕ್ಕೆ ಕೂತಾಗ ತಲೆಯ ಟೊಪ್ಪಿಗೆ ತೆಗೆದು ಪಕ್ಕಕ್ಕಿಡುತ್ತಿದ್ದರು, ಪೆನ್ಸಿಲ್ ಮಾತ್ರ ತೆಗೆಯುತ್ತಿರಲಿಲ್ಲ. ಪುರಸಭೆಯಲ್ಲಿ ನಕಾಶೆ, ಆಸ್ತಿ ದಾಖಲೆಯ ಉತಾರಗಳ ಕೆಲಸ ಮಾಡಿ ನಿವೃತ್ತರಾದ ಮೇಲೆ ಅದೇ ಕಚೇರಿಯ ಎದುರಿನ ಝೆರಾಕ್ಸ್ ಅಂಗಡಿಯಲ್ಲಿ ಒಂದು ಮೇಜು ಹಾಕಿಕೊಂಡಿದ್ದರು. ಮನೆ ಕಟ್ಟುವವರಿಗೆ ನಕಾಶೆ ಬರೆದುಕೊಡುವುದು ಕೆಲಸ. ಸಹಿ ಹಾಕುವ ಇಂಜಿನಿಯರ್ ಬೇರೆ, ಗೆರೆ ಎಳೆಯುವ ಕೈ ಇವರದು. ಮನೆ ದೇವರ ಹಿಪ್ಪರಗಿಯಲ್ಲಿ, ದಿನಾ ಅಲ್ಲಿಂದ ಬಸ್ಸಿಗೆ ಬಂದು ಸಂಜೆ ಮರಳುತ್ತಿದ್ದರು. ನಮ್ಮೂರಿಗೆಲ್ಲ ಅವರು ನಕಾಶಿ ಕಾಕಾ.

ನಮ್ಮದು ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಖಾನಾವಳಿ. ಗಂಡ ತೀರಿಕೊಂಡ ಮೇಲೆ ನಾನೂ ನಮ್ಮತ್ತೆಯೂ ನಡೆಸಿಕೊಂಡು ಬಂದದ್ದು. ಕಾಕಾ ಮಧ್ಯಾಹ್ನ ಒಂದಕ್ಕೆ ಬಂದು ಒಂದೂವರೆ ರೊಟ್ಟಿ ತಿನ್ನುವರು. ಎರಡು ಹಾಕಿದರೆ ಸಿಟ್ಟು.

"ಅಳತಿ ಅಂದ್ರ ಅಳತಿ, ತಂಗಿ. ಹೊಟ್ಟಿಗೂ ಒಂದ ನಕಾಶಿ ಇರ್ತೈತಿ."

ಶಿವರಾತ್ರಿಯ ಆಸುಪಾಸು ಒಂದು ದಿನ ತುತ್ತು ಬಾಯಿಗೆ ಹೋಗುವ ಮೊದಲೇ ಅವರ ಕೈ ನಿಂತಿತು. ಕಣ್ಣು ಮೇಲಿತ್ತು.

"ಆ ತೊಲಿ ಯಾವಾಗ ಬಿರಕ ಬಿಟ್ಟಿತು?"

ನಮ್ಮದು ಮಣ್ಣಿನ ಮಾಳಿಗೆಯ ಹಳೆ ಮನೆ. ತೊಲೆಯ ಕೆಳಗೇ ಒಲೆ. ನಮ್ಮತ್ತೆಯೂ ಇನ್ನಿಬ್ಬರು ಹೆಂಗಸರೂ ಬೆಳಗಿನಿಂದ ಅಲ್ಲೇ ಕೂತು ರೊಟ್ಟಿ ಬಡಿಯುತ್ತಿದ್ದರು. ಮನೆಯೊಳಗೆ ಒಲೆ ಸರಿಸಲು ಬೇರೆ ಜಾಗವಿಲ್ಲ. ಕಾಕಾ ತಾವೇ ನಿಂತು ತೊಲೆಗೆ ಒಂದು ಆಧಾರದ ಕಂಬ ಕೊಡಿಸಿದರು. ಆಮೇಲೆ ಜೋಳದ ಹಿಟ್ಟು ಕುದಿಸಿ ಅಂಟು ಮಾಡಿ, ಬಿರುಕಿನ ಮೇಲೆ ಅಡ್ಡಲಾಗಿ ಒಂದು ಕಾಗದದ ಪಟ್ಟಿ ಹಚ್ಚಿ, ಅದರ ಮೇಲೆ ಆ ದಿನದ ತಾರೀಖು ಬರೆದರು.

"ಇದು ಹರದ್ರ ಬಿರಕ ಬೆಳದೈತಿ ಅಂತ ತಿಳಿ. ಮುಂಗಾರಿನ ಮಿರಗಿನ ಮಳಿ ಬಿದ್ದು ಮಣ್ಣು ನೀರು ಕುಡದ್ರ ಈ ತೊಲಿ ತಡಿಯೂದಿಲ್ಲ. ಅಷ್ಟರಾಗ ಮನಿ ಬಿಚ್ಚಿ ಕಟ್ಟಬೇಕು."

ಕಟ್ಟಲು ಪುರಸಭೆಯ ಪರವಾನಗಿ ಬೇಕು. ಅದಿಲ್ಲದೆ ಕಟ್ಟಿದರೆ ಕೆಲಸ ನಿಲ್ಲಿಸುತ್ತಾರೆ, ಕರೆಂಟೂ ಕೊಡುವುದಿಲ್ಲ. ಕಾಕಾ ನಕಾಶೆ ಬರೆದರು, ಅರ್ಜಿ ಹಾಕಿದೆವು. ಯುಗಾದಿ ಬಂತು, ಬಸವ ಜಯಂತಿ ಬಂತು. ಕಿಟಕಿಯಲ್ಲಿ ಕೂತ ಗುಮಾಸ್ತನದು ಒಂದೇ ಉತ್ತರ: "ಪರಿಶೀಲನಾದಾಗ ಐತ್ರಿ." ಕಾಕಾ ಪ್ರತಿದಿನ ಬಂದು ಊಟಕ್ಕೆ ಮೊದಲು ಪಟ್ಟಿ ನೋಡುತ್ತಿದ್ದರು. ಅವರು ನೋಡುವಾಗ ರೊಟ್ಟಿ ಬಡಿಯುವ ಸದ್ದೂ ನಿಲ್ಲುತ್ತಿತ್ತು. ಎರಡು ಪಟ್ಟಿ ಹರಿದವು. ಮೂರನೆಯದನ್ನು ಹಚ್ಚುವಾಗ ಅವರು ತಮಾಷೆ ಮಾಡಲಿಲ್ಲ.

ಕೊನೆಗೊಂದು ದಿನ ಅರ್ಜಿ ತಿರುಗಿ ಬಂತು. ನಿವೇಶನದ ಅಗಲ ಮೂರು ಅಡಿ, ಇಷ್ಟರಲ್ಲಿ ಮನೆ ಕಟ್ಟಲು ಬರುವುದಿಲ್ಲ ಎಂದು ಬರೆದಿತ್ತು. ನಮ್ಮದು ಹದಿನೆಂಟು ಅಡಿ ಅಗಲದ ಮನೆ. ನನ್ನ ನಾಲಿಗೆ ಮೊದಲೇ ಚುರುಕು, ಕಿಟಕಿಯ ಮುಂದೆ ನಿಂತು ಕೂಗಾಡಿದೆ.

"ಮೂರು ಫೂಟಿನ್ಯಾಗ ನಮ್ಮತ್ತಿ ಕಾಲು ಚಾಚಿ ಹೆಂಗ ಮಲಗ್ತಾಳ್ರಿ? ಬಂದು ನೋಡ್ರಿ ಒಮ್ಮಿ!"

ಗುಮಾಸ್ತ ಹಳೆ ಕಾಗದ ತೆಗೆದು ತೋರಿಸಿದ. ಖರೀದಿ ಪತ್ರದಲ್ಲಿ "ಮೂರು ಅಂಕಣದ ಮನೆ" ಎಂದಿತ್ತು. ಎರಡು ಕಂಬಸಾಲುಗಳ ನಡುವಿನ ಜಾಗ ಒಂದು ಅಂಕಣ, ನಮ್ಮ ಕಡೆ ಹಿಂದಿನವರು ಮನೆ ಎಣಿಸುತ್ತಿದ್ದದ್ದೇ ಹಾಗೆ. ಕಂಪ್ಯೂಟರಿಗೆ ಏರಿಸುವಾಗ ಯಾರೋ ಮೂರು ಎಂಬುದನ್ನು ಅಡಿಯ ಕಾಲಮ್ಮಿಗೆ ಹಾಕಿದ್ದರು. ತಿದ್ದಬೇಕಾದರೆ ನೆರೆಯವರಿಗೆ ನೋಟಿಸು, ವಿಚಾರಣೆ, ಮತ್ತೆ ಪರಿಶೀಲನೆ. ಎಷ್ಟು ತಿಂಗಳು ಎಂದು ಅವನಿಗೂ ಗೊತ್ತಿರಲಿಲ್ಲ.

"ಬರದವ್ರ ಬಂದು ತಪ್ಪು ನಂದು ಅಂತ ಬರಕೊಟ್ರ ಲಗೂನ ಆಗ್ತೈತ್ರಿ," ಎಂದ ಅವನು, ಯಾಕೋ ನನ್ನ ಮುಖ ನೋಡದೆ.

"ಯಾವ ಪುಣ್ಯಾತ್ಮ ಬರದಾನೋ, ಅವನ ಕೈ ಸೇದಿ ಬಿದ್ದುಹೋಗಲಿ!" ಎಂದೆ ನಾನು. ಪಕ್ಕದಲ್ಲಿ ಕಾಕಾ ಇದ್ದರು. ಕಿವಿಯ ಪೆನ್ಸಿಲ್ ತೆಗೆದು ಜೇಬಿಗೆ ಹಾಕಿಕೊಂಡರು. ಅವರು ಹಾಗೆ ಮಾಡಿದ್ದನ್ನು ಅಂದೇ ಮೊದಲು ನೋಡಿದ್ದು, ಸಿಟ್ಟಿನಲ್ಲಿ ಅದರ ಅರ್ಥ ಹೊಳೆಯಲಿಲ್ಲ.

ಮರುದಿನ ಅವರು ಊಟಕ್ಕೆ ಬರಲಿಲ್ಲ. ಅದರ ಮರುದಿನವೂ ಇಲ್ಲ. ಮೂರನೆಯ ದಿನ ಬೆಳಿಗ್ಗೆ ಮೊದಲ ಮಳೆ ಹೊಡೆಯಿತು. ಪಟ್ಟಿ ನನ್ನ ಕಣ್ಣೆದುರಿಗೇ ಹರಿಯಿತು, ಸದ್ದೇ ಇಲ್ಲದೆ. ಹೆಂಗಸರನ್ನು ಎಬ್ಬಿಸಿ ಹೊರಗೆ ಕಳಿಸುತ್ತಿದ್ದೆ, ಕಾಕಾ ತೊಯ್ಸಿಕೊಂಡು ಬಾಗಿಲಲ್ಲಿ ನಿಂತಿದ್ದರು.

"ಆ ಕೈ ನಂದ, ತಂಗಿ."

ನನಗೆ ತಿಳಿಯಲಿಲ್ಲ.

"ಮೂರು ಅಂತ ಹೊಡದಾಂವ ನಾನ. ಕಂಪ್ಯೂಟರ್‌ದಾಗ ಅಂಕಣ ಅನ್ನೂ ಶಬ್ದನ ಇರಲಿಲ್ಲ, ಖಾಲಿ ಬಿಟ್ರ ಮುಂದ ಹೋಗತಿರಲಿಲ್ಲ. ಈಗ ಮೂರು ಹಾಕೂಣು, ಆಮ್ಯಾಲೆ ಹೋಗಿ ಅಳದು ತಿದ್ದೂಣು ಅಂತ ಮಾಡಿದ್ದೆ. ಮರತೆ. ನಿಮ್ಮದೊಂದ ಅಲ್ಲ, ಹಳೇ ಓಣಿ ತುಂಬ ಹಂಗ ಹಾಕೇನಿ."

ಸಮಾಧಾನ ಹೇಳುವಷ್ಟು ದೊಡ್ಡ ಮನಸ್ಸು ಆ ಹೊತ್ತಿನಲ್ಲಿ ನನಗಿರಲಿಲ್ಲ. ಒಲೆಯನ್ನು ಓಣಿಯಲ್ಲಿಟ್ಟು ಮಳೆಗೆ ತಾಡಪಾಲು ಕಟ್ಟಿ, ಇಬ್ಬರೂ ಕಚೇರಿಗೆ ನಡೆದೆವು.

ಗುಮಾಸ್ತ ಅವರ ಕೈಕೆಳಗೇ ಕೆಲಸ ಕಲಿತವನು. ಕಾಗದ ಕೊಡುವಾಗ ದನಿ ತಗ್ಗಿಸಿದ. "ಬರಕೊಡಬ್ಯಾಡ್ರಿ ಕಾಕಾ. ಮ್ಯಾಲಿನವ್ರು ವಿಚಾರಣಿ, ಚೌಕಶಿ ಹಚ್ಚತಾರ, ಪೆನ್ಶನ್ನಿಗೆ ತ್ರಾಸ ಆಗ್ತೈತಿ."

"ತೊಲಿಗೆ ಪೆನ್ಶನ್ ತಿಳೀತೈತೇನೋ?" ಎಂದು ಕಾಕಾ ಬರೆಯತೊಡಗಿದರು. ಅಕ್ಷರ ಮಾತ್ರ ಎಂದಿನಂತೆ ದುಂಡಗೆ ಬಂದವು.

ಪರವಾನಗಿ ಹನ್ನೆರಡನೆಯ ದಿನ ಬಂತು. ಮಾಳಿಗೆಯ ಮಣ್ಣಿಗೆ ಮೊದಲ ಹಾರೆ ತಾಗಿದ್ದೇ ತಡ, ತೊಲೆ ಎರಡು ತುಂಡಾಗಿ ಒಲೆಯಿದ್ದ ಜಾಗದ ಮೇಲೇ ಬಂದು ಬಿತ್ತು. ಧೂಳು ಇಳಿಯುವವರೆಗೆ ನಮ್ಮತ್ತೆ ನನ್ನ ತೋಳು ಬಿಡಲಿಲ್ಲ. ಕಾಕಾ ಅಲ್ಲೇ ಮಣ್ಣಿನಲ್ಲಿ ಕೂತುಬಿಟ್ಟರು.

ಅಂದಿನಿಂದ ಅವರು ಹೊಸ ನಕಾಶೆ ಬರೆಯುವುದನ್ನು ಬಿಟ್ಟರು. ಟೇಪು ಹಿಡಿದು ಹಳೆ ಓಣಿಯ ಅಂಕಣದ ಮನೆಗಳನ್ನು ಒಂದೊಂದಾಗಿ ಅಳೆದು, ಅಳತೆಯನ್ನು ಒಂದು ವಹಿಯಲ್ಲಿ ಬರೆದಿಟ್ಟು, ಪ್ರತಿಯೊಂದಕ್ಕೂ ತಪ್ಪು ನನ್ನದೆಂದು ಬರೆದುಕೊಡುತ್ತ ಬಂದರು. ದೀಪಾವಳಿಯ ಹೊತ್ತಿಗೆ ಅವರಿಗೆ ಲಕ್ವಾ ಹೊಡೆಯಿತು. ಹೋದದ್ದು ಬಲಗೈ.

ಸುದ್ದಿ ಕೇಳಿ ಕಿಟಕಿಯ ಮುಂದೆ ನಾನು ಹಾಕಿದ ಶಾಪ ನೆನಪಾಯಿತು. ರೊಟ್ಟಿ ಕಟ್ಟಿಕೊಂಡು ದೇವರ ಹಿಪ್ಪರಗಿಗೆ ಹೋದೆ. ಹಾಸಿಗೆಯಲ್ಲಿದ್ದವರ ಕಾಲು ಹಿಡಿದು, "ನನ್ನ ಬಾಯಿ ಸುಡಲಿ ಕಾಕಾ," ಎಂದು ಅತ್ತುಬಿಟ್ಟೆ. ತೊದಲುತ್ತಲೇ ನಕ್ಕರು.

"ಹುಚ್ಚಿ. ನಿನ್ನ ಬಾಯಿಗೆ ಅಷ್ಟು ತಾಕತ್ತಿದ್ರ ಪರವಾನಗಿ ಮೊದಲ ಬರತಿತ್ತು. ವಹಿ ತಗೊ. ಇನ್ನ ಹನ್ನೊಂದ ಮನಿ ಉಳದಾವು."

ಏಳನೆಯ ತರಗತಿಗೆ ಸಾಲೆ ಬಿಟ್ಟವಳು ನಾನು. ಟೇಪು ಹಿಡಿಯುವುದನ್ನು ಅವರೇ ಹಾಸಿಗೆಯ ಅಂಚಿಗೆ ಹಿಡಿಸಿ ಕಲಿಸಿದರು. ನಾನು ಅಳೆದು ತಂದದ್ದನ್ನು ಅವರು ಕೇಳಿ ಹೇಳುವರು, ನಾನು ಬರೆಯುವೆನು, ಅವರು ಎಡಗೈ ಹೆಬ್ಬೆಟ್ಟು ಒತ್ತುವರು. ಅಷ್ಟು ದುಂಡಗೆ ಬರೆಯುತ್ತಿದ್ದ ಮನುಷ್ಯ ಹೆಬ್ಬೆಟ್ಟು ಒತ್ತುವುದನ್ನು ನೋಡಲು ನನ್ನಿಂದ ಆಗುತ್ತಿರಲಿಲ್ಲ. ಒಂಬತ್ತು ಮನೆ ಮುಗಿದಿದ್ದವು. ಒಂದು ಬೆಳಿಗ್ಗೆ ನಾನು ವಹಿ ತೆಗೆದುಕೊಂಡು ಹೋದಾಗ ಅಂಗಳದಲ್ಲಿ ಜನ ಕೂಡಿದ್ದರು.

ಉಳಿದೆರಡು ಮನೆಯನ್ನು ನಾನೊಬ್ಬಳೇ ಅಳೆದೆ. ಅವರ ಮೇಲಿನ ಚೌಕಶಿಯ ಕರೆ ಬಂದದ್ದು ಅವರು ಹೋಗಿ ಎರಡು ತಿಂಗಳಾದ ಮೇಲೆ, ಝೆರಾಕ್ಸ್ ಅಂಗಡಿಯ ವಿಳಾಸಕ್ಕೆ. ಯಾರೂ ಹೋಗದಿದ್ದರೆ ಆ ಎರಡು ಮನೆಯ ಫೈಲು ಅಲ್ಲೇ ನಿಲ್ಲುತ್ತವೆ ಎಂದು ಗುಮಾಸ್ತ ಹೇಳಿದ. ವಹಿ ಕಂಕುಳಲ್ಲಿಟ್ಟುಕೊಂಡು ಜಿಲ್ಲಾ ಕಚೇರಿಗೆ ಬಸ್ಸು ಹತ್ತಿದೆ.

ಅಧಿಕಾರಿ ವಹಿಯನ್ನು ತಿರುವಿ ತಿರುವಿ ನೋಡಿದರು. ಅರ್ಧದವರೆಗೆ ದುಂಡನೆಯ ಅಕ್ಷರ, ಅಲ್ಲಿಂದ ಮುಂದೆ ನನ್ನ ಸೊಟ್ಟ ಅಕ್ಷರ.

"ನೀವು ಅವರಿಗೆ ಏನಾಗಬೇಕ್ರಿ?"

"ಬಲಗೈ ಆಗಬೇಕ್ರಿ," ಎಂದೆ.