ನನ್ನ ತುಂಡಿಗೆ ತೋಡಿದ ಗುಂಡಿ

ಮಲದಲ್ಲಿ ರಕ್ತ ಕಂಡಾಗ ಮೂಲವ್ಯಾಧಿ ಎಂದುಕೊಂಡೆ. ಕೆಂಪು ಚಟ್ನಿಯ ಮೇಲೆ ತಪ್ಪು ಹೊರಿಸಿ, ಮಜ್ಜಿಗೆ ಕುಡಿದು, ಜಲನಗರದ ಮನೆಯಿಂದ ನನ್ನ ಪೈಪಿನ ಅಂಗಡಿಗೆ ಓಡಾಡಿಕೊಂಡಿದ್ದೆ. ಕೊಲೊನೋಸ್ಕೋಪಿ ಬೇರೆಯೇ ಹೇಳಿತು.

ದೊಡ್ಡ ಕರುಳಿನ ಕ್ಯಾನ್ಸರ್.

ಆಪರೇಷನ್ ಆದ ಮೇಲೆ, ಕತ್ತರಿಸಿದ ಕರುಳನ್ನು ಟ್ರೇಯಲ್ಲಿಟ್ಟು ಹೆಂಡತಿ ಶಾಂತಾಗೆ ತೋರಿಸಿದರಂತೆ. ಆಮೇಲೆ ಬಹಳ ದಿನ ಅವಳು ನನ್ನ ಮುಖ ಬಿಟ್ಟು ಹೊಟ್ಟೆ ನೋಡಿಯೇ ಮಾತಾಡುತ್ತಿದ್ದಳು.

ನಮ್ಮೂರು ಜೈನಾಪುರದಿಂದ ಬಂದ ಅವ್ವ ಕೇಳಿದ್ದು ಒಂದೇ. "ತಗದಿದ್ದು ಎಲ್ಲೈತಿ?"

"ಆಸ್ಪತ್ರ್ಯಾಗ ಐತಿ ಬೇ."

"ಮೈಯಾಗಿಂದು ಮಣ್ಣಿಗಿ ಹೋಗಬೇಕಪಾ. ಹೊರಗ ಉಳಿದ್ರ ಮೈ ಹುಡುಕ್ಕೋತ ಬರ್ತೈತಿ."

ನಮ್ಮ ಹೊಕ್ಕುಳ ಬಳ್ಳಿ, ಹಾಲುಹಲ್ಲು ಎಲ್ಲವನ್ನೂ ಹೊಲದ ಬದುವಿನಲ್ಲಿ ಹೂಳಿದವಳು ಆಕೆ. ನಾನು ನಕ್ಕೆ. ಹೊಲಿಗೆ ಎಳೆಯಿತು.

ಕಿಮೋ ಬೇಕೋ ಬೇಡವೋ ಎಂಬುದು ಮಾತ್ರ ಉಳಿದಿತ್ತು. ಡಾಕ್ಟರಮ್ಮ ಅಂದರು, "ಆ ತುಂಡನ್ನ ಕೆಡದಂಗ ಮೇಣದಾಗ ಇಟ್ಟೀವ್ರಿ. ಜೀನ್ ಎಕ್ಸ್‌ಪ್ರೆಶನ್ ಟೆಸ್ಟಿಗೆ ಕಳಸ್ತೀವಿ. ಯಾವ ಜೀನ್ ಜೋರ್ ಕೆಲಸ ಮಾಡಾಕತ್ತಿದ್ವು, ಯಾವು ಸುಮ್ಮನಿದ್ವು ಅಂತ ಅಳೀತಾರ. ರೋಗ ತಿರುಗಿ ಬರೋ ಸಾಧ್ಯತೆ ಎಷ್ಟು ಅಂತ ಅಂದಾಜು ಸಿಗ್ತದ."

ನಾನು ಮಂಚದ ಮೇಲೆ. ನನ್ನ ಮುಂದಿನದನ್ನು ಬಲ್ಲ ತುಂಡು, ನಾನು ಕಾಣದ ಯಾವುದೋ ಊರಿನ ಲ್ಯಾಬಿನಲ್ಲಿ. ಮಧ್ಯಾಹ್ನ ಮನೆ ಸುಮ್ಮನಾದಾಗ, ಅಲ್ಲಿ ಯಾರೋ ಅದನ್ನು ಏನೋ ಕೇಳುತ್ತಿದ್ದಾರೆ, ಅದು ನನ್ನ ಬಗ್ಗೆ ಉತ್ತರ ಕೊಡುತ್ತಿದೆ ಅನ್ನಿಸುತ್ತಿತ್ತು. ಆಗ ಹೊಟ್ಟೆಯೊಳಗಿನ ಖಾಲಿ ಜಾಗ ತಣ್ಣಗಾಗುತ್ತಿತ್ತು. ಹೆದರಿಕೆಯಾಗುತ್ತಿತ್ತು.

ಅಷ್ಟರಲ್ಲಿ ಅವ್ವ ಊರಿಗೆ ಮರಳಿದ್ದಳು. ಅಲ್ಲಿಂದ ತಮ್ಮನ ಫೋನು. "ಅವ್ವ ಬದುವಿನ್ಯಾಗ ಗುಂಡಿ ತೋಡ್ಯಾಳ. ಮುಚ್ಚಾಕ ಬಿಡವಲ್ಲಳು. ನಾಯಿನೂ ಆ ಕಡೆ ಹಾಯವಲ್ಲದು."

ತೋಡಿದ ಗುಂಡಿ ಖಾಲಿ ಬಿಟ್ಟರೆ ಅದು ಯಾರನ್ನಾದರೂ ಬಲಿ ಕೇಳುತ್ತದೆ ಎನ್ನುತ್ತಾರೆ ನಮ್ಮ ಕಡೆ. ಈ ಸಲ ನಗು ಬರಲಿಲ್ಲ.

ರಿಪೋರ್ಟ್ ಬಂತು. ತಿರುಗಿ ಬರುವ ಸಾಧ್ಯತೆ ಕಡಿಮೆ, ಸದ್ಯ ಕಿಮೋ ಬೇಡ. ಶಾಂತಾ ಅಲ್ಲೇ ಕುರ್ಚಿಯಲ್ಲಿ ಅತ್ತಳು.

"ಅಂದಾಜು ಅಷ್ಟರೀ, ಖಾತ್ರಿ ಅಲ್ಲ. ಚೆಕಪ್ ತಪ್ಪಿಸಬ್ಯಾಡ್ರಿ," ಅಂದರು ಡಾಕ್ಟರಮ್ಮ.

ನಾಚುತ್ತಲೇ, ಆ ತುಂಡನ್ನು ನಮಗೆ ಕೊಡುತ್ತೀರಾ ಎಂದು ಕೇಳಿದೆ.

"ಕೊಡಾಕ ಬರಂಗಿಲ್ರಿ. ಮುಂದ ಏನರ ಬಂದ್ರ ಅದಕ್ಕ ಹೋಲಿಸಿ ನೋಡ್ಬೇಕಾಗ್ತದ."

ಅಂದರೆ ಅದು ಆಸ್ಪತ್ರೆಯ ಕಪಾಟಿನಲ್ಲೇ ಕಾಯುತ್ತಿರುತ್ತದೆ.

ಚೇತರಿಸಿಕೊಂಡು ಜೈನಾಪುರಕ್ಕೆ ಹೋದೆ. ವಿಷಯ ಕೇಳಿ ಅವ್ವ ಬದುವಿನ ಮೇಲೆ ಕೂತಳು. "ಹಂಗಾರ ಮುಚ್ಚು," ಅಂದಳು. ಭಾರ ಎತ್ತಬಾರದೆಂದು ಕೈಯಿಂದಲೇ ಮಣ್ಣು ದೂಡಿದೆ. ತೋಡಿದ ಮಣ್ಣೆಲ್ಲ ಮುಗಿದರೂ ಒಂದು ಬೊಗಸೆಯಷ್ಟು ತಗ್ಗು ಉಳಿಯಿತು. ಇನ್ನಷ್ಟು ಮಣ್ಣು ತರಲು ಎದ್ದೆ.

ಅವ್ವ ನನ್ನ ಕೈ ಹಿಡಿದಳು.

"ಇರ್ಲಿ ಬಿಡು. ಅದು ಮೈ ಹುಡುಕ್ಕೋತ ಬರೂದಾದ್ರ ಇಲ್ಲಿಗೇ ಬರ್ಲಿ. ನಿನ್ನ ಕಡೆ ಬ್ಯಾಡ."